ಬಾಲವಿಲ್ಲದ ಶಬ್ದ

ಜೂನ್ 19, ಗುರುವಾರ.

ಸೊಸೆಯ ಮಾತು ಬೆಳಗಿನಿಂದ ಮನಸ್ಸನ್ನು ಕೊರೆಯುತ್ತಿದೆ. "ಮಾವ, ಬೇಜಾರು ಮಾಡ್ಕೋಬೇಡಿ. ಪುಟ್ಟಿಗೆ ಇಂಗ್ಲಿಷ್ ಓದಿಸೋದು ಸ್ವಲ್ಪ ದಿನ ಬಿಟ್ಬಿಡಿ. ಸ್ಕೂಲಲ್ಲಿ ಬ್, ಟ್ ಅಂತ ಅಕ್ಷರದ ಶಬ್ದದಿಂದ ಕಲಿಸ್ತಾರೆ, ನೀವು ಬಿ, ಟಿ ಅಂತ ಅಕ್ಷರದ ಹೆಸರಿಂದ ಕಲಿಸ್ತೀರಿ. ಮಗು ಮಧ್ಯೆ ಸಿಕ್ಕಿಹಾಕ್ಕೊಂಡಿದೆ."

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಮೊಮ್ಮಗಳು ನನ್ನ ಪಕ್ಕ ಬಂದು ಕೂರುವುದು ಆ ಒಂದು ಹೊತ್ತಿನಲ್ಲಿ ಮಾತ್ರ.

ನನಗೆ ಇಂಗ್ಲಿಷ್ ಓದಲು ಕಲಿಸಿದ್ದು ಅಪ್ಪ, ನೆರೆಮನೆಯವರು ಓದಿ ಮುಗಿಸಿ ಕೊಡುತ್ತಿದ್ದ ಇಂಗ್ಲಿಷ್ ದಿನಪತ್ರಿಕೆಯ ತಲೆಬರಹಗಳಿಂದ. ಸಂಜೆ ಮೆಟ್ಟಿಲ ಮೇಲೆ ಕೂತು ನನ್ನನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತಿದ್ದರು. ನಾನು ಬಿ, ಎ, ಟಿ ಎನ್ನುತ್ತಿದ್ದಂತೆ ಪ್ರತಿ ಅಕ್ಷರಕ್ಕೂ ಬೆನ್ನ ಮೇಲೆ ಬೆರಳಿಂದ ಮೆಲ್ಲನೆ ತಟ್ಟುವರು. ಪದ ಮುಗಿದರೆ ಇಡೀ ಅಂಗೈ. ಆ ಹೆಸರುಗಳು ಸೇರಿ ಬ್ಯಾಟ್ ಹೇಗಾಗುತ್ತದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಓದಿದ ಸುದ್ದಿಗಳಲ್ಲಿ ಒಂದೂ ನೆನಪಿಲ್ಲ, ಅಂಗೈಯ ಬಿಸಿ ಮಾತ್ರ ಈಗಲೂ ಇದೆ.

ಸಂಜೆ ಪುಟ್ಟಿ ಪುಸ್ತಕ ಹಿಡಿದು ಬಂದಳು.

"ಅಮ್ಮ ಬೇಡ ಅಂದಿದ್ದಾಳೆ ಕಣೇ" ಎಂದೆ.

"ನೀನು ಓದಿಸೋದು ಬೇಡ ಅಂದಿದ್ದು. ನಾನು ಓದಿಸ್ತೀನಿ. ಹೇಳು, ಬ್."

"ಬ."

"ಅಜ್ಜ, ಬಾಲ ಸೇರಿಸ್ಬೇಡ. ಬರೀ ಬ್."

ಕ, ಖ, ಗ, ಘ ಬಾಯಿಪಾಠ ಮಾಡಿ ಬೆಳೆದ ನಾಲಿಗೆ ನನ್ನದು. ಕೊನೆಯ ಅಕಾರವನ್ನು ಬಿಟ್ಟು ಬರಲು ಅದು ಒಪ್ಪಲೇ ಇಲ್ಲ. ಇನ್ನೊಮ್ಮೆ ಹೇಳಿದರೂ "ಬ" ಎಂದೇ ಬಂತು. ಅಡುಗೆಮನೆಯಲ್ಲಿ ಸೊಸೆ ನಕ್ಕದ್ದು ಕೇಳಿಸಿತು.

"ನಿಂಗೆ ತುಂಬಾ ದಿನ ಬೇಕು ಅಜ್ಜ" ಎಂದು ಪುಟ್ಟಿ ನಿಟ್ಟುಸಿರು ಬಿಟ್ಟಳು.

ಬೇಕಾಗಲಿ. ಬೇಗ ಕಲಿತು ಮುಗಿಸುವ ಆತುರವಂತೂ ನನಗಿಲ್ಲ.