ಇಪ್ಪತ್ತಮೂರು ಮನೆಗೆ ಒಂದೇ ಮೆನು

ಮೇ 4, ಬೆಳಿಗ್ಗೆ 11
ಹದಿನಾಲ್ಕನೇ ಪುಟ ತಿದ್ದಿ ಆಯಿತು. ಇನ್ನೂ ಒಂಬತ್ತು ಉಂಟು. ಕುಟುಂಬದ ವೆಬ್‌ಸೈಟಿನಲ್ಲಿ ಮನೆಗೊಂದು ಪುಟ, ಪ್ರತಿ ಪುಟದ ಮೇಲೂ ಅದೇ ಮೆನು — ಇಪ್ಪತ್ತಮೂರು ಮನೆಗಳ ಹೆಸರು. ಒಂದೊಂದರಲ್ಲೂ ಬೇರೆ ಬೇರೆಯಾಗಿ ಅಂಟಿಸಿಟ್ಟವಳು ನಾನೇ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಈಗ ಕುಟುಂಬದ ಯಜಮಾನರಾದ ಉಮಾನಾಥ ಮಾವನಿಗೆ ಹೆಸರುಗಳ ಕ್ರಮ ಸರಿಯಿಲ್ಲವಂತೆ. "ಹಿರಿಯಕ್ಕನ ಮನೆ ಕೆಳಗೆ ಉಂಟಲ್ಲ ಮಾರಾಯ್ತಿ, ಜನ ಎಂತ ಹೇಳಿಯಾರು?" ಈ ವರ್ಷ ಇದು ಐದನೇ ಸಲ. ಸಾಕೋ ಸಾಕು.

ಮೇ 9
ಮಾವನ ಫೋನ್. ಕಮಲ ಚಿಕ್ಕಮ್ಮನ ಹೆಸರು ತೆಗೆಯಬೇಕಂತೆ. ಹೆದ್ದಾರಿ ಬದಿಯ ಕುಟುಂಬದ ಜಾಗ ಮಾರದಂತೆ ಚಿಕ್ಕಮ್ಮ ಕೋರ್ಟಿನಿಂದ ತಡೆ ತಂದರಲ್ಲ, ಅದಕ್ಕೆ. ಕುಟುಂಬದ ನಾಗನ ಪೂಜೆ ನಾಗತಂಬಿಲಕ್ಕೆ ಕರೆಯುವ ಹೇಳಿಕೆ ಈಗ ಈ ಮೆನು ನೋಡಿಯೇ ಕಳಿಸುವುದು. ಹೆಸರಿಲ್ಲದಿದ್ದರೆ ಹೇಳಿಕೆಯೂ ಇಲ್ಲ.
ಅಮ್ಮ ತೀರಿಹೋದ ಮೇಲೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವರು ಚಿಕ್ಕಮ್ಮ. ಸಿಟ್ಟು ನುಂಗಿಕೊಂಡು "ಇಪ್ಪತ್ತಮೂರು ಪುಟ ತಿದ್ದಬೇಕು ಮಾವ, ಪುರುಸೊತ್ತು ಬೇಕು," ಅಂದೆ. ಸದ್ಯಕ್ಕೆ ಬಚಾವ್.

ಮೇ 16
ಮಣಿಪಾಲದ ಆಫೀಸು. ನನ್ನ ಪುಟಗಳನ್ನು ನೋಡಿ ಜೊತೆಗೆ ಕೆಲಸ ಮಾಡುವ ಸುಕೇಶ್ ನಕ್ಕ. "ಮೆನುವನ್ನು ಒಂದೇ ಫೈಲಿನಲ್ಲಿಡಿ ಹರ್ಷಿಣಿ. ಎಲ್ಲ ಪುಟಗಳೂ ಅಲ್ಲಿಂದಲೇ ತೆಗೆದುಕೊಳ್ಳಲಿ." ಒಂದೂವರೆ ಗಂಟೆಯ ಕೆಲಸ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಬದಲು! ಖುಷಿ ತಡೆಯದೆ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟೆ — ಇನ್ನು ಎಂತ ಬದಲಾವಣೆಯಿದ್ದರೂ ಐದೇ ನಿಮಿಷ.
ಮೊದಲ ಥಂಬ್ಸ್‌ಅಪ್ ಮಾವನದ್ದು. ಆಮೇಲೆ ಹೊಳೆಯಿತು. ಕತ್ತೆ ನಾನು, ಕತ್ತೆ.

ಮೇ 17
"ಐದು ನಿಮಿಷ ಅಂದಿದ್ದೆಯಲ್ಲ, ಆಯ್ತಾ?" ಮಾವನ ಫೋನ್, ಬೆಳಿಗ್ಗೆ ಒಮ್ಮೆ. ಊಟದ ಹೊತ್ತಿಗೆ ಒಮ್ಮೆ. ನೆಟ್‌ವರ್ಕ್ ಇಲ್ಲ ಅಂದೆ. ಮಣಿಪಾಲದಲ್ಲಿ ಕೂತು!

ಮೇ 24
ಉಚ್ಚಿಲಕ್ಕೆ, ಚಿಕ್ಕಮ್ಮನ ಮನೆಗೆ ಹೋದೆ. ಅವರಿಗೆ ಎಲ್ಲ ಗೊತ್ತಾಗಿದೆ. ಬಂಗುಡೆ ಮೀನಿನ ಸಾರು ಬಡಿಸುತ್ತ, "ತೆಗಿ ಮಗಾ. ನನ್ನಿಂದಾಗಿ ನಿನಗೆ ಯಾಕೆ ಬೈಗುಳ? ತಂಬಿಲದ ದಿನ ಇಲ್ಲಿಂದಲೇ ಕೈ ಮುಗಿಯುತ್ತೇನೆ," ಅಂದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಮೇ 25, ಬೆಳಿಗ್ಗೆ 9.40
ಫೈಲ್ ತೆರೆದೆ. ಚಿಕ್ಕಮ್ಮನ ಸಾಲು ಅಳಿಸಿದೆ. ಆಮೇಲೆ ನಮ್ಮದು. ಆಮೇಲೆ ಮಾವನದ್ದು. ಉಳಿದ ಇಪ್ಪತ್ತೂ. ಸೇವ್.

9.52
ಮಾವನ ಫೋನ್. "ಎಂತದು ಇದು? ಒಬ್ಬರ ಹೆಸರೂ ಕಾಣುವುದಿಲ್ಲ! ಹಾಳು ಮಾಡಿದೆಯಾ?"
ಈ ಸಲ ನೆಪವಿಲ್ಲ. ನೇರ ಹೇಳಿದೆ. "ಹಾಳಾಗಿಲ್ಲ ಮಾವ. ಒಂದೇ ಮೆನು. ಇದ್ದರೆ ಚಿಕ್ಕಮ್ಮನೂ ಸೇರಿ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ."
ಮಾವ ಫೋನ್ ಇಡಲಿಲ್ಲ. ಬರೀ ಉಸಿರು ಕೇಳುತ್ತಾ ಉಂಟು, ನಾನೂ ಇಡುವುದಿಲ್ಲ, ಎಷ್ಟು ಹೊತ್ತಾದರೂ —