ಅರ್ಧ ಮುದ್ದೆ

ಅಬ್ಬಿಗೆರೆ
14 ಸೆಪ್ಟೆಂಬರ್ 2015

ಪ್ರೀತಿಯ ಅಕ್ಕಾ,

ತುಮಕೂರು ಸೇರಿದ ಮೇಲೆ ನಿನ್ನ ಮಂಡಿನೋವು ಹೇಗಿದೆ? ಬಸ್ಸಿನಲ್ಲಿ ಕಾಲು ಮಡಿಚಿಕೊಂಡೇ ಕೂತಿರುತ್ತೀಯ, ಊದಿರಬೇಕು. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಸೊಸೆಯ ಕೈಲಿ ತಿಕ್ಕಿಸಿಕೋ. ರಘುನಾಥ, ಮಕ್ಕಳು ಎಲ್ಲ ಆರೋಗ್ಯ ತಾನೇ? ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಫೋನಿರುವಾಗ ಇವಳಿಗೆ ಕಾಗದದ ಹುಚ್ಚೇಕೆ ಅನ್ನಬೇಡ. ಫೋನಿನಲ್ಲಿ ನೀನು 'ಏನೇ ಸೊಣ್ಣಿ' ಅಂದರೆ ಸಾಕು, ನನ್ನ ಬಾಯಿ ಕಟ್ಟಿಹೋಗುತ್ತದೆ. ನೀನು ಸ್ಕೂಲಿಗೆ ಹೋದವಳು. ನಾನು ಸುರೇಶನ ಒಂದನೇ ಕ್ಲಾಸಿನ ಪುಸ್ತಕ ನೋಡಿ ಅಕ್ಷರ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದು.

ಆಶಾರಾಣಿಯ ಸೀಮಂತ ಮುಗಿಸಿ ನೀನು ಹೊರಟ ಮಾರನೆಯ ದಿನವೂ ನಮ್ಮ ಅಣ್ಣ ಪಿಳ್ಳಣ್ಣ ಇಲ್ಲೇ ಉಳಿದಿದ್ದ. ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ನನ್ನ ಸೊಸೆ ಆಶಾರಾಣಿ ಮುದ್ದೆಯನ್ನು ಎರಡು ಭಾಗ ಮಾಡಿ ಒಂದನ್ನು ತಟ್ಟೆಯ ಅಂಚಿಗೆ ತಳ್ಳಿದಳು. ಯಾಕಮ್ಮ, ರುಚಿಯಾಗಿಲ್ಲವಾ ಎಂದರೆ, 'ದೊಡ್ಡತ್ತೆ ಅರ್ಧ ಸಾಕು ಅಂದಿದ್ದಾರೆ, ಮಗು ಚಿಕ್ಕದಿದ್ರೆ ಹೆರಿಗೆ ಸಲೀಸಂತೆ. ನಿಮ್ಮವ್ವ ಹಂಗೇ ಹೇಳ್ತಿದ್ರಂತಲ್ಲ' ಎಂದಳು. ನನಗೇನೂ ಆಶ್ಚರ್ಯವಾಗಲಿಲ್ಲ. ಸುರೇಶ ಹೊಟ್ಟೆಯಲ್ಲಿದ್ದಾಗ ನೀನು ನನಗೂ ಅದನ್ನೇ ಹೇಳಿದ್ದೆಯಲ್ಲ. ನಮ್ಮಿಬ್ಬರ ಅತ್ತೆ ಹಾಸಿಗೆ ಹಿಡಿದಿದ್ದರು, ಒಲೆ ನಿನ್ನ ಕೈಯಲ್ಲಿತ್ತು. 'ಅವ್ವ ಹೇಳಿ ಕಳ್ಸವ್ಳೆ ಕಣೇ' ಎಂದು ನನ್ನ ತಟ್ಟೆಗೆ ಅರ್ಧ ಮುದ್ದೆ ಹಾಕುತ್ತಿದ್ದೆ. ಅವ್ವನ ಮಾತು ಎಂದು ನಾನು ನೀರು ಕುಡಿದು ಏಳುತ್ತಿದ್ದೆ. ಆದರೆ ಸೊಸೆಯ ಮಾತು ಕೇಳಿ ಅಣ್ಣ ಉಣ್ಣುವುದನ್ನೇ ನಿಲ್ಲಿಸಿಬಿಟ್ಟ. 'ನಮ್ಮವ್ವ ಯಾವತ್ತಮ್ಮಿ ಅಂಗಂದ್ಳು? ಬಸುರಿ ತಟ್ಟೆ ಖಾಲಿಯಾದ್ರೆ ಇನ್ನೊಂದು ಮುದ್ದೆ ಎತ್ತಾಕೋಳು! ನೀನು ಸೊರಗಿದ್ದೀಯ ಅಂತ ಹುರಿಹಿಟ್ಟು ಬೆಲ್ಲ ಡಬ್ಬಿಗೆ ತುಂಬಿ, ಮಾಕಳಿಯಿಂದ ಸೈಕಲ್ ತುಳಿಸ್ಕಂಡು ನನ್ನ ಎಷ್ಟು ಕಿತ ಕಳ್ಸಲಿಲ್ಲ? ಬಂದಾಗೆಲ್ಲ ಅಕ್ಕಯ್ಯ ಬಾಗಿಲಲ್ಲೇ ಇಸ್ಕಂಡು, ಮಲಗವ್ಳೆ ಎಬ್ಬಿಸ್ಬೇಡ ಅನ್ನೋಳು' ಎಂದ.

ನಾನು ಮಲಗಿರಲಿಲ್ಲ ಅಕ್ಕಾ. ಆ ಹೊತ್ತಿನಲ್ಲಿ ಕೆರೆ ಹಿಂದೆ ಹುಲ್ಲು ಕೊಯ್ಯುತ್ತಿದ್ದೆ. ನೀನೇ ಕಳಿಸಿದ್ದು.

ಯಾವ ಡಬ್ಬಿ ಎಂದು ಕೇಳಿದೆ. ಹಿತ್ತಾಳೆಯದು, ಮುಚ್ಚಳಕ್ಕೆ ನವಿಲಿನ ಹಿಡಿ, ಒಂದು ಸಲ ಸೈಕಲ್ಲಿನಿಂದ ಬಿದ್ದು ಪಕ್ಕ ನೆಗ್ಗಿದ್ದು ಎಂದ. ಆ ನೆಗ್ಗು ನನ್ನ ಬೆರಳಿಗೆ ಗೊತ್ತು. ನಿನ್ನ ಅಟ್ಟದ ಮೇಲಿನ ಡಬ್ಬಿ ಅದು. ನಾವು ಬೇರೆಯಾಗುವವರೆಗೂ ಹಬ್ಬ ಹಬ್ಬಕ್ಕೂ ಹುಣಸೆಹಣ್ಣು ಹಚ್ಚಿ ಅದನ್ನು ಫಳಫಳ ಬೆಳಗಿದವಳು ನಾನೇ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಸಂತೆಯಲ್ಲಿ ಕೊಂಡದ್ದು ಎಂದು ನೀನು ಹೇಳಿದ್ದೆ.

ಆಶಾರಾಣಿಯನ್ನು ತೋರಿಸಲು ಯಲಹಂಕಕ್ಕೆ ಹೋದಾಗ ಡಾಕ್ಟರ್ ಗಜಾಲಾ ಅವರಿಗೆ ಇದೆಲ್ಲ ಹೇಳಿದೆ. ಚಿಕ್ಕ ವಯಸ್ಸು, ಆದರೆ ಕೂರಿಸಿ ಮಾತಾಡುವ ಹುಡುಗಿ. ನಾವಿಬ್ಬರೂ ಒಂದೇ ತಾಯಿಯ ಹೆಣ್ಣುಮಕ್ಕಳು, ಒಂದೇ ತಾಯಿಯ ಗಂಡುಮಕ್ಕಳನ್ನು ಕಟ್ಟಿಕೊಂಡವರು. ರಘುನಾಥನಿಗೂ ಸುರೇಶನಿಗೂ ಎರಡೂ ಕಡೆಯ ರಕ್ತ ಒಂದೇ. ಹಾಗಿರುವಾಗ ಕಡ್ಡಿಯ ಹಾಗಿರುವ ನನ್ನ ಮಗನಿಗೆ ಮಾತ್ರ ಮೂವತ್ತೈದು ತುಂಬುವ ಮೊದಲೇ ಸಕ್ಕರೆ ಕಾಯಿಲೆ ಯಾಕೆ ಬಂತಮ್ಮ ಎಂದೆ. ಆಕೆ ನಮ್ಮ ಬೀದಿಯ ನೀರಿನ ಮಾತು ತೆಗೆದಳು. 'ಬೋರ್‌ವೆಲ್ ಒಂದೇ, ಪೈಪೂ ಒಂದೇ, ಆದ್ರೆ ವಾಲ್ವ್‌ಮನ್ ತಿರುಗಿಸಿದ ಹಾಗೆ ತಾನೇ ಅಮ್ಮಾ ನೀರು ಬರೋದು? ತಂದೆತಾಯಿ ಕೊಟ್ಟ ಜೀನು ಬದಲಾಗಲ್ಲ. ಯಾವುದು ಎಷ್ಟು ತೆರೀಬೇಕು ಅನ್ನೋ ಗುರುತು ಮಾತ್ರ ಹೊಟ್ಟೆಯಲ್ಲಿದ್ದಾಗಲೇ ಅದರ ಮೇಲೆ ಬೀಳುತ್ತೆ' ಎಂದಳು. ತಾಯಿ ಹಸಿದರೆ, ಹೊರಗೆ ಬರಗಾಲ ಎಂದುಕೊಂಡು ಕೂಸಿನ ಮೈ ಕೂಡಿಡುವುದನ್ನು ಕಲಿಯುತ್ತದಂತೆ. ಆಮೇಲೆ ಅನ್ನ, ಬನ್ನು, ಕುರ್ಚಿ ಕೆಲಸ ಸಿಕ್ಕಾಗ ಅದೇ ಮೈ ತಾಳಲಾರದೆ ಸಕ್ಕರೆ ಏರುತ್ತದಂತೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆಯುತ್ತೇನೆ. ಸುರೇಶನಿಗೆ ಇದರಿಂದಲೇ ಬಂತು ಎಂದು ಯಾರೂ ಆಣೆ ಮಾಡಿ ಹೇಳಲಾರರು, ಕಾರಣ ಹತ್ತಾರಿರುತ್ತವೆ, ಅದರಲ್ಲಿ ಇದೂ ಒಂದಿರಬಹುದು ಅಷ್ಟೇ ಎಂದಳು. ಆ ಗುರುತು ಹಣೆಬರಹವೂ ಅಲ್ಲವಂತೆ. ನಡೆದು, ಹಿಡಿತದಲ್ಲಿ ಉಂಡರೆ ಕಾಯಿಲೆಯನ್ನು ಅಂಕೆಯಲ್ಲಿಡಬಹುದಂತೆ. ಈಗ ಸುರೇಶ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಾನೆ.

ಹಾಗಾಗಿ ಕಾಯಿಲೆಯನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ಆದರೆ ನಾಗಸಂದ್ರದ ಛತ್ರದಲ್ಲಿ ಅಷ್ಟು ಜನರ ಮುಂದೆ 'ನಮ್ ಸೊಣ್ಣಿ ಮಗನಿಗೆ ಬನ್ನು ತಿನ್ಸಿ ತಿನ್ಸಿ ಸಕ್ಕರೆ ಬರ್ಸಿದ್ಲು ಕಣ್ರೇ' ಎಂದು ನಕ್ಕೆಯಲ್ಲ, ಆಗ ನಾನೂ ತಲೆ ತಗ್ಗಿಸಿ ನಕ್ಕಿದ್ದೆ. ನಿಜವಾಗಿಯೂ ನನ್ನದೇ ತಪ್ಪೇನೋ ಎಂದು ಅಲ್ಲಿಂದೀಚೆಗೆ ಎರಡು ವರ್ಷ ಬೆಂದಿದ್ದೇನೆ. ರಘುನಾಥನ ಹೆರಿಗೆಯಲ್ಲಿ ನೀನು ಸತ್ತು ಬದುಕಿದೆ, ತಂಗಿಗೆ ಹಾಗಾಗದಿರಲಿ ಎಂದು ಅರ್ಧ ಮುದ್ದೆ ಹಾಕಿರಬಹುದು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ. ಮುದ್ದೆಯವರೆಗೆ ವಾದ ಗೆದ್ದಿತು. ಡಬ್ಬಿಗೆ ಬಂದು ನಿಂತುಬಿಟ್ಟಿತು. ಹುರಿಹಿಟ್ಟನ್ನು ನಿನ್ನ ಕೂಸಿಗೆ ತಿನ್ನಿಸಿದ್ದನ್ನಾದರೂ ಮರೆತೇನು, ಅವನೂ ನನ್ನ ಸೊಂಟದ ಮೇಲೆ ಬೆಳೆದವನೇ. ಆದರೆ ಅವ್ವ ನನ್ನ ನೆನೆಯುತ್ತಿದ್ದಳು ಎನ್ನುವುದನ್ನೂ ಬಚ್ಚಿಟ್ಟೆಯಲ್ಲ. ಒಂದು ದಿನವೂ ಏನೂ ಕಳಿಸಲಿಲ್ಲವೆಂದು, ಅವಳು ಸಾಯುವಾಗಲೂ ನಾನು ಮುನಿಸಿಕೊಂಡೇ ಇದ್ದೆ.

ರಘುನಾಥನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಮರೆಯಬೇಡ.

ನಿನ್ನ ತಂಗಿ,
ಸೊಣ್ಣಮ್ಮ

ಇಷ್ಟು ಬರೆದು ಅಂಟಿಸುವ ಮುಂಚೆ ಒಂದು ಮಾತು. ತಾಯಿಯಿಲ್ಲದ ಹುಡುಗಿ, ಒಂಬತ್ತು ತುಂಬಿದ ಕೂಡಲೇ ಬಂದು ಬಾಣಂತನ ನಾನೇ ಮಾಡುತ್ತೇನೆ ಎಂದು ಆಶಾರಾಣಿಗೆ ಹೇಳಿ ಹೋಗಿದ್ದೀಯ. ಬರಬೇಡ. ಒಲೆಯ ಮುಂದೆ ನಾನಿರುತ್ತೇನೆ. ಇವತ್ತು ಅವಳು ಇಡೀ ಮುದ್ದೆ ಉಂಡಳು, ಸೊಪ್ಪಿನ ಸಾರು ಎರಡನೇ ಸಲ ಹಾಕಿಸಿಕೊಂಡಳು. ಹೆಸರಿಡುವ ದಿನಕ್ಕೆ ಬಾ, ಬೇಡ ಅನ್ನುವುದಿಲ್ಲ. ಬರುವಾಗ ಆ ಡಬ್ಬಿ ತಾ. ಖಾಲಿಯಾದರೂ ಸರಿ, ಅಣ್ಣನ ಎದುರಿಗೆ ನನ್ನ ಕೈಗೇ ಕೊಡು. ನಾನು ಎಚ್ಚರವಾಗಿರುತ್ತೇನೆ.