ತಣ್ಣಗಾದ ಇಸ್ತ್ರಿಪೆಟ್ಟಿಗೆ

ಮಾರ್ಚ್ ೧೧, ಮಂಗಳವಾರ

ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಇಸ್ತ್ರಿಪೆಟ್ಟಿಗೆ ಆಫ್ ಮಾಡಿದೆನೋ ಇಲ್ಲವೋ ಅಂತ ದಿನಾ ಮೂರು ಸಲ ವಾಪಸ್ ಓಡುತ್ತಿದ್ದೆ. ಅದು ತಣ್ಣಗಾಗುವವರೆಗೂ ಪಕ್ಕದಲ್ಲೇ ಕೂತು ಉಸಿರು ಎಣಿಸು ಅಂತ ಹೇಳಿಕೊಟ್ಟವಳು ಮಗಳು. ಇವತ್ತು ಹಾಗೆ ಕೂತಿದ್ದಾಗ ಅವಳೇ ಬಂದಳು.

"ಅಪ್ಪಾ, ಒಂದು ಮಾತು."

"ಉಸಿರು ಎಣಿಸ್ತಿರೋದು ಕಾಣಲ್ವಾ? ಕಣ್ಣೇನು ಬಾಡಿಗೆಗೆ ಕೊಟ್ಟಿದೀಯಾ?"

"ಬೀದಿಗೆಲ್ಲ ಕೇಳೋ ಹಾಗಿದೆ ನಿನ್ನ ಶಾಂತಿ," ಅಂದು ಹೊರಟುಹೋದಳು.

ಊಟದ ಹೊತ್ತಿಗೆ ಹೆಂಡತಿ ಹೇಳಿದಳು, ಮಗಳ ಕೆಲಸ ಹೋಗಿದೆಯಂತೆ. ಮೊದಲು ಅಪ್ಪನಿಗೇ ಹೇಳಬೇಕು ಅಂತ ನೇರ ಅಂಗಡಿಗೆ ಬಂದಿದ್ದಳಂತೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಈಗ ಎಣಿಸಲು ಕೂತರೆ ನಾಲ್ಕು ದಾಟುತ್ತಿಲ್ಲ. ಇಸ್ತ್ರಿಯ ಚಿಂತೆ ಒಂದಿಷ್ಟೂ ಇಲ್ಲ. ಅವಳ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ತಪ್ಪಾಯ್ತು ಅಂತ ಈ ಮನೆಯಲ್ಲಿ ಯಾರಿಗೂ ಹೇಳಿದವನಲ್ಲ ನಾನು. ಹೋಗಿ ಬಾಗಿಲು ತಟ್ಟುತ್ತೇನೆ, ಮಾತು ಬರದಿದ್ದರೆ ಅವಳ ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತೇನೆ.